ಸೀಸ ಸೋತದ್ದು ಬಿಸಿಗೋ, ಒತ್ತಡಕ್ಕೋ? ಸಣ್ಣ ನಳಿಗೆಯ ರೈಫಲ್‌ಗಳಲ್ಲಿ ಎರಕದ ಗುಂಡಿನ ಚರಿತ್ರೆ

ಪೀಠಿಕೆ

ಸೇನೆಗಳ ಚರಿತ್ರೆಯನ್ನಷ್ಟೇ ನೋಡಿದರೆ ಎರಕದ ಸೀಸದ ಗುಂಡಿನ ಕಥೆ 19ನೇ ಶತಮಾನದೊಂದಿಗೇ ಮುಗಿಯುತ್ತದೆ. 1886ರಲ್ಲಿ ಫ್ರಾನ್ಸ್ ಲೆಬೆಲ್ ರೈಫಲನ್ನು ಅಳವಡಿಸಿಕೊಂಡಿತು. ಕರಿಮದ್ದಿನ ಜಾಗಕ್ಕೆ ಹೊಗೆರಹಿತ ಮದ್ದು ಬಂತು, ನಳಿಗೆ ಕಿರಿದಾಯಿತು, ಗುಂಡಿನ ಮೈಮೇಲೆ ಗಟ್ಟಿ ಲೋಹದ ಹೊದಿಕೆ ಕುಳಿತಿತು. ಕೆಲವೇ ವರ್ಷಗಳಲ್ಲಿ ಯುರೋಪಿನ ಸೇನೆಗಳೆಲ್ಲ ಅದೇ ದಾರಿ ಹಿಡಿದವು. ಬರಿ ಸೀಸವನ್ನು ಕೈಬಿಟ್ಟದ್ದಕ್ಕೆ ಇಂದಿಗೂ ಕೇಳಿಬರುವ ವಿವರಣೆ ಸರಳವಾದದ್ದು: ವೇಗ ಹೆಚ್ಚಿದಂತೆ ಬಿಸಿ ಹೆಚ್ಚುತ್ತದೆ, ಆ ಬಿಸಿಗೆ ಸೀಸ ಕರಗುತ್ತದೆ.

ಈ ವಿವರಣೆ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ. ಸೀಸ ಸೋತದ್ದು ಅದರ ಕರಗುವ ಬಿಂದುವಿನಿಂದಲ್ಲ. ಹೊಸ ಮದ್ದಿನ ಒತ್ತಡವನ್ನು ತಡೆಯುವ ಬಲ ಅದಕ್ಕಿರಲಿಲ್ಲ, ಅದರ ಬುಡಕ್ಕೆ ರಕ್ಷಣೆಯಿರಲಿಲ್ಲ, ನಳಿಗೆಗೆ ಅದು ಸರಿಯಾಗಿ ಹೊಂದುತ್ತಿರಲಿಲ್ಲ. ಇದನ್ನು ಕಂಡುಕೊಂಡವರಲ್ಲಿ ಮುಖ್ಯರು ಸೇನಾ ಕಾರ್ಖಾನೆಗಳ ಹೊರಗಿದ್ದವರು: ಒಬ್ಬ ವೈದ್ಯ, ಒಬ್ಬ ನಳಿಗೆ ಕೆಲಸಗಾರ, ಒಬ್ಬ ಅಚ್ಚು ತಯಾರಕ. ಅವರ ಹಿಂದೆ ಲೆಕ್ಕ ಬರೆದಿಟ್ಟುಕೊಂಡು ಗುರಿ ಅಭ್ಯಾಸ ಮಾಡಿದ ಹವ್ಯಾಸಿಗಳ ದೊಡ್ಡ ಬಳಗವೇ ಇತ್ತು.

ಕರಿಮದ್ದಿನ ಕಾಲ

ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸೌದೆಯ ಒಲೆಯ ಮೇಲೆ, ಕಬ್ಬಿಣದ ಸೌಟಿನಲ್ಲಿ ಕರಗಿಸಿ ಅಚ್ಚಿಗೆ ಹುಯ್ಯಬಹುದಾದ ಲೋಹ. ನೀರಿಗಿಂತ 11 ಪಟ್ಟು ಮಿಕ್ಕಿ ಭಾರ. ಕೋವಿಯೊಂದಿಗೆ ಗುಂಡಿನ ಅಚ್ಚನ್ನೂ ಕೊಡುವ ರೂಢಿ ಬೆಳೆದದ್ದು ಇದರಿಂದಲೇ. ಮೆದುತನ ಆ ಕಾಲದಲ್ಲಿ ಸೀಸದ ಗುಣವಾಗಿತ್ತೇ ಹೊರತು ದೋಷವಾಗಿರಲಿಲ್ಲ. 1849ರ ಸುಮಾರಿಗೆ ಫ್ರಾನ್ಸಿನ ಮಿನಿಯೇ ರೂಪಿಸಿದ ಗುಂಡಿನ ಬುಡ ಟೊಳ್ಳು. ಮದ್ದು ಸಿಡಿದಾಗ ಅದು ಅರಳಿ ನಳಿಗೆಯ ಸುರುಳಿ ಗೀರುಗಳನ್ನು ಕಚ್ಚಿಕೊಳ್ಳುತ್ತಿತ್ತು. ಗಟ್ಟಿ ಲೋಹದಿಂದ ಇದು ಆಗದ ಕೆಲಸ.

ಮೆದು ಸೀಸಕ್ಕೆ ಜಿಡ್ಡು ಅನಿವಾರ್ಯ. ಕರಿಮದ್ದಿನ ಮಸಿ ನಳಿಗೆಯಲ್ಲಿ ಗಟ್ಟಿಗೊಳ್ಳದಂತೆ, ಸೀಸ ಉಕ್ಕಿಗೆ ಮೆತ್ತಿಕೊಳ್ಳದಂತೆ ತೋಟಾದ ಕಾಗದಕ್ಕೆ ಕೊಬ್ಬು ಅಥವಾ ಜೇನುಮೇಣ ಸವರುತ್ತಿದ್ದರು. 1853ರ ಮಾದರಿಯ ಎನ್‌ಫೀಲ್ಡ್ ರೈಫಲಿನ ತೋಟಾಕ್ಕೆ ಸವರಿದ ಜಿಡ್ಡು ಯಾವ ಪ್ರಾಣಿಯದು ಎಂಬ ಪ್ರಶ್ನೆ 1857ರಲ್ಲಿ ಹಿಂದೂಸ್ತಾನದ ಸಿಪಾಯಿಗಳ ಸಿಟ್ಟಿಗೆ ಕಿಡಿ ಹೊತ್ತಿಸಿತು. ತಾಂತ್ರಿಕ ಅಗತ್ಯವೊಂದು ಜನರ ನಂಬಿಕೆಯನ್ನು ಲೆಕ್ಕಿಸದೆ ಹೇರಲ್ಪಟ್ಟಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲೇ ನಡೆದ ನಿದರ್ಶನ ಇದು.

1871ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಮಾರ್ಟಿನಿ-ಹೆನ್ರಿ ರೈಫಲಿನ ಹೊತ್ತಿಗೆ ಬರಿ ಸೀಸ ಸಾಲದಾಗಿತ್ತು. ಅದರ 31 ಗ್ರಾಂ ತೂಕದ ಗುಂಡಿನಲ್ಲಿ 12 ಪಾಲು ಸೀಸಕ್ಕೆ 1 ಪಾಲು ತವರ. ಮೈಗೆ ಕಾಗದದ ಸುತ್ತು. ವೇಗ ಸೆಕೆಂಡಿಗೆ ಸುಮಾರು 410 ಮೀಟರ್. ಸುಮಾರು ಇದೇ ಅವಧಿಯಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಮೆಟ್‌ಫರ್ಡ್ ಗಡುಸು ಮಾಡಿದ ಸೀಸವನ್ನೂ ಆಳವಿಲ್ಲದ ಗೀರುಗಳನ್ನೂ ಜೊತೆಗೂಡಿಸಿ ಗುರಿಯ ನಿಖರತೆ ಹೆಚ್ಚಿಸಿದ್ದ. ಗುಂಡಿನ ಗಡಸುತನವನ್ನು ನಳಿಗೆಯ ವಿನ್ಯಾಸಕ್ಕೆ ಹೊಂದಿಸಿಯೇ ನೋಡಬೇಕೆಂಬ ತಿಳಿವಳಿಕೆ ಆಗಲೇ ಮೊಳೆತಿತ್ತು.

ಒತ್ತಡದ ಪಲ್ಲಟ

1882ರಲ್ಲಿ ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ ತಾಮ್ರದ ಹೊದಿಕೆಯ ಗುಂಡನ್ನು ರೂಪಿಸಿದ. 1884ರಲ್ಲಿ ಪಾಲ್ ವಿಯೇ ಫ್ರಾನ್ಸಿನಲ್ಲಿ ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದ. ಎರಡೂ ಕೂಡಿದಾಗ 8 ಮಿಲಿಮೀಟರ್ ನಳಿಗೆಯಿಂದ ಸೆಕೆಂಡಿಗೆ 600 ಮೀಟರ್ ಮೀರಿದ ವೇಗ ಸಾಧ್ಯವಾಯಿತು. ಬ್ರಿಟನ್ 1888ರಲ್ಲಿ 7.7 ಮಿಲಿಮೀಟರಿನ ಲೀ-ಮೆಟ್‌ಫರ್ಡ್ ತಂದಿತು. ಅದರ ಆಳವಿಲ್ಲದ ಗೀರುಗಳನ್ನು ಹೊಸ ಕಾರ್ಡೈಟ್ ಮದ್ದು ಬೇಗ ಸವೆಸಿಬಿಟ್ಟದ್ದರಿಂದ 1895ರಲ್ಲಿ ಆಳವಾದ ಎನ್‌ಫೀಲ್ಡ್ ಗೀರುಗಳು ಬಂದವು. ಹೊಸ ಮದ್ದಿನ ಮುಂದೆ ಉಕ್ಕೂ ಸವೆಯುತ್ತಿದ್ದಾಗ ಮೆದು ಸೀಸ ತಡೆಯದಿದ್ದುದರಲ್ಲಿ ಅಚ್ಚರಿಯಿಲ್ಲ.

ಹಾಗಿದ್ದರೆ ಸೀಸ ಕರಗುತ್ತಿತ್ತೇ? ಸೇನೆಯ ಗುಂಡುಗಳೇ ಇದಕ್ಕೆ ಉತ್ತರ ಹೇಳುತ್ತವೆ. ಆ ಕಾಲದ ಹೊದಿಕೆ ಗುಂಡುಗಳಲ್ಲಿ ಹೆಚ್ಚಿನವು ಮೂತಿಯಿಂದ ಬುಡದವರೆಗೆ ಮುಚ್ಚಿದ್ದರೂ ಬುಡದಲ್ಲಿ ತೆರೆದೇ ಇದ್ದವು. ಒಳಗಿನ ಸೀಸ ಅಲ್ಲಿ ಉರಿಯುವ ಮದ್ದಿನ ಅನಿಲಕ್ಕೆ ನೇರವಾಗಿ ಒಡ್ಡಿಕೊಂಡಿತ್ತು. ಆದರೂ ಅದು ಕರಗಿ ಹರಿಯಲಿಲ್ಲ. ಗುಂಡು ನಳಿಗೆಯಲ್ಲಿರುವುದು ಸೆಕೆಂಡಿನ ಸಾವಿರದ ಒಂದೆರಡು ಪಾಲು ಹೊತ್ತು ಮಾತ್ರ. ಅಷ್ಟರಲ್ಲಿ ಬಿಸಿ ಲೋಹದ ಒಳಕ್ಕೆ ಇಳಿಯುವುದಿಲ್ಲ. ಬರಿ ಸೀಸದ ಗುಂಡಿಗೆ ಆಗುತ್ತಿದ್ದುದು ಬೇರೆ. ಗುಂಡಿಗೂ ಗೀರಿಗೂ ನಡುವೆ ಕೂದಲೆಳೆಯಷ್ಟು ಸಂದು ಸಿಕ್ಕರೂ ಅನಿಲ ಅಲ್ಲಿ ನುಗ್ಗಿ ಅಂಚನ್ನು ಕೊರೆಯುತ್ತಿತ್ತು. ಕೊರೆದ ಸೀಸ ನಳಿಗೆಗೆ ಮೆತ್ತುತ್ತಿತ್ತು. ಬುಡ ಕೆಟ್ಟ ಗುಂಡು ಗುರಿ ತಪ್ಪುತ್ತಿತ್ತು.

ಬುಡದ ಶೋಧ

ಬುಡದ ಮಹತ್ವವನ್ನು ಪ್ರಯೋಗದಿಂದ ಸ್ಥಾಪಿಸಿದವನು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಿಲ್ಫರ್ಡಿನ ವೈದ್ಯ ಫ್ರಾಂಕ್ಲಿನ್ ಮಾನ್. ಗುರಿ ತಪ್ಪುವುದಕ್ಕೆ ಗುರಿಕಾರನ ಕೈ ಕಾರಣವೋ ಗುಂಡು ಕಾರಣವೋ ಎಂಬ ಗೊಂದಲ ನೀಗಲು ನೆಲಕ್ಕೆ ಬಿಗಿದ ಗಟ್ಟಿ ಕಂಬದ ಮೇಲೆ ಆತ ನಳಿಗೆಯನ್ನು ಕೂರಿಸಿದ. ಕೆಲವು ಗುಂಡುಗಳ ಮೂತಿಯನ್ನು, ಕೆಲವುಗಳ ಬುಡವನ್ನು ಬೇಕೆಂದೇ ಕೆಡಿಸಿ ಹಾರಿಸಿದ. ಮೂತಿ ಕೆಟ್ಟ ಗುಂಡು ಹೆಚ್ಚೇನೂ ದಾರಿ ತಪ್ಪಲಿಲ್ಲ. ಬುಡ ಓರೆಯಾದ ಗುಂಡು ಬಹುದೂರ ಸರಿಯಿತು. ನಳಿಗೆಯ ಬಾಯಿಂದ ಹೊರಬೀಳುವ ಕ್ಷಣದಲ್ಲಿ ಅನಿಲ ಕಡೆಯದಾಗಿ ತಳ್ಳುವುದು ಬುಡವನ್ನೇ ಅಲ್ಲವೇ? ದಶಕಗಳ ಈ ಶ್ರಮ 1909ರಲ್ಲಿ 'ದ ಬುಲೆಟ್ಸ್ ಫ್ಲೈಟ್ ಫ್ರಂ ಪೌಡರ್ ಟು ಟಾರ್ಗೆಟ್' ಎಂಬ ಪುಸ್ತಕವಾಯಿತು. ಸೋತ ಪ್ರಯೋಗಗಳನ್ನೂ ಮುಚ್ಚಿಡದೆ ದಾಖಲಿಸಿದ ಈ ಕೃತಿ ವಿಜ್ಞಾನದ ಶೀಲಕ್ಕೆ ಮಾದರಿ.

ಮಾನ್‌ನ ಒಡನಾಡಿ ಹ್ಯಾರಿ ಪೋಪ್ ಆ ಕಾಲದ ಹೆಸರಾಂತ ನಳಿಗೆ ಕೆಲಸಗಾರ. ಅವನ ಅಚ್ಚುಗಳಲ್ಲಿ ಸೀಸವನ್ನು ಹುಯ್ಯುತ್ತಿದ್ದುದು ಮೂತಿಯ ಕಡೆಯಿಂದ. ಹುಯ್ದ ಜಾಗದಲ್ಲಿ ಕತ್ತರಿಸಿದ ಗುರುತು ಉಳಿದೇ ಉಳಿಯುತ್ತದೆ. ಅದು ಮೂತಿಯಲ್ಲಿರಲಿ, ಬುಡ ಮಾತ್ರ ನುಣುಪಾಗಿರಲಿ ಎಂಬುದು ಅವನ ಲೆಕ್ಕ.

ಮೂರನೆಯವನು ಜಾನ್ ಬಾರ್ಲೋ. 1884ರಲ್ಲಿ ಕನೆಟಿಕಟ್‌ನ ನ್ಯೂ ಹೇವನ್‌ನಲ್ಲಿ ಐಡಿಯಲ್ ಕಂಪನಿ ಸ್ಥಾಪಿಸಿ ಅಚ್ಚುಗಳನ್ನು ಮಾರುತ್ತಿದ್ದ ಈತ, 20ನೇ ಶತಮಾನದ ಮೊದಲ ದಶಕದಲ್ಲಿ ಗುಂಡಿನ ಬುಡಕ್ಕೆ ತೊಡಿಸುವ ಪುಟ್ಟ ತಾಮ್ರದ ಬಟ್ಟಲನ್ನು ಬಳಕೆಗೆ ತಂದ. ಅದಕ್ಕೆ ಗ್ಯಾಸ್ ಚೆಕ್ ಎಂದು ಹೆಸರು. ಅದನ್ನು ತೊಡಿಸಿದ ಸೀಸದ ಗುಂಡು 600 ಮೀಟರ್ ವೇಗದ ಆಸುಪಾಸಿನಲ್ಲೂ ನಳಿಗೆಯನ್ನು ಕೊಳೆ ಮಾಡದೆ ಹೋಗಬಲ್ಲದಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿ ಇದೆ. ಬಟ್ಟಲು ಮುಚ್ಚುವುದು ಬುಡವನ್ನು ಮಾತ್ರ. ಗೀರುಗಳಿಗೆ ಉಜ್ಜುವ ಪಕ್ಕಗಳು ಬರಿ ಸೀಸವಾಗಿಯೇ ಉಳಿಯುತ್ತವೆ. ಉಜ್ಜಿನ ಬಿಸಿಗೆ ಸೀಸ ಕರಗುವುದೇ ನಿಜವಾಗಿದ್ದರೆ ಈ ಬಟ್ಟಲಿನಿಂದ ಏನೂ ಉಪಯೋಗವಾಗಬಾರದಿತ್ತು. ಐಡಿಯಲ್ ಅಚ್ಚುಗಳ ವ್ಯವಹಾರ 1910ರಲ್ಲಿ ಮಾರ್ಲಿನ್‌ಗೂ 1925ರಲ್ಲಿ ಲೈಮನ್ ಕಂಪನಿಗೂ ಸೇರಿ ಮುಂದುವರಿಯಿತು.

ಅಚ್ಚುಮೊಳೆಯ ಲೋಹ

ಬುಡಕ್ಕೆ ರಕ್ಷಣೆ ಸಿಕ್ಕಿತು; ಗುಂಡಿಗೆ ಬೇಕಾದ ಗಡುಸು ಲೋಹ ಬಂದದ್ದು ಅಚ್ಚುಕೂಟದಿಂದ. ಲೆಬೆಲ್ ಬಂದ 1886ರಲ್ಲೇ ನ್ಯೂಯಾರ್ಕಿನ ಟ್ರಿಬ್ಯೂನ್ ಪತ್ರಿಕೆಯಲ್ಲಿ ಓಟ್ಮಾರ್ ಮೆರ್ಗೆಂಥಾಲರನ ಲೈನೋಟೈಪ್ ಎಂಬ ಅಕ್ಷರ ಎರೆಯುವ ಯಂತ್ರ ಕೆಲಸ ಶುರುಮಾಡಿತು. ಅದರ ಲೋಹದಲ್ಲಿ ನೂರಕ್ಕೆ ಸುಮಾರು 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ. ನಮ್ಮ ಅಚ್ಚುಕೂಟಗಳಲ್ಲಿ ಕೈಯಿಂದ ಜೋಡಿಸುತ್ತಿದ್ದ ಕನ್ನಡ ಮೊಳೆಗಳ ಲೋಹವೂ ಇದೇ ಕುಟುಂಬದ್ದು. ಅಕ್ಷರದ ಸೂಕ್ಷ್ಮ ಮೂಲೆಗಳನ್ನು ತುಂಬಬೇಕು, ಆರಿದಾಗ ಹೆಚ್ಚು ಕುಗ್ಗಬಾರದು, ಒತ್ತಿದರೆ ಜಜ್ಜಬಾರದು: ಮುದ್ರಕನಿಗೆ ಬೇಕಾದ ಗುಣಗಳೇ ಗುಂಡು ಎರೆಯುವವನಿಗೂ ಬೇಕಿದ್ದವು. ಹಳೆಯ ಮೊಳೆ ಲೋಹ ಹೀಗೆ ಗುರಿ ಅಭ್ಯಾಸಿಗಳ ಮೂಸೆಗೆ ಬಂತು.

ಬ್ರಿನೆಲ್ ಮಾಪನದಲ್ಲಿ ಶುದ್ಧ ಸೀಸದ ಗಡಸುತನ ಸುಮಾರು 5, ಲೈನೋಟೈಪ್ ಲೋಹದ್ದು ಸುಮಾರು 22. ಕರಗುವ ಬಿಂದು ಮಾತ್ರ ತಿರುಗುಮುರುಗು: ಸೀಸಕ್ಕೆ 327 ಡಿಗ್ರಿ, ಲೈನೋಟೈಪ್‌ಗೆ ಸುಮಾರು 240. ಬೇಗ ಕರಗುವ ಲೋಹವೇ ಹೆಚ್ಚಿನ ವೇಗವನ್ನು ತಡೆದುಕೊಂಡಿತು! ನಮ್ಮ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ. ನಿರ್ಣಾಯಕವಾದದ್ದು ಬಲ.

ನಳಿಗೆ ಇನ್ನೂ ಕಿರಿದಾದಾಗ

1930ರಲ್ಲಿ .22 ಹಾರ್ನೆಟ್ ಎಂಬ ತೋಟಾ ಮಾರುಕಟ್ಟೆಗೆ ಬಂತು; 1935ರ .220 ಸ್ವಿಫ್ಟ್ ತೋಟಾದ ಗುಂಡು ಸೆಕೆಂಡಿಗೆ 1,200 ಮೀಟರ್ ದಾಟಿತು. 5.7 ಮಿಲಿಮೀಟರಿನ ಈ ವರ್ಗದಲ್ಲಿ ಎರಕದ ಸಮಸ್ಯೆ ಇಮ್ಮಡಿಯಾಯಿತು. ಎರಕದೊಳಗೆ ಒಂದು ಘನ ಮಿಲಿಮೀಟರ್ ಗಾಳಿಗುಳ್ಳೆ ಉಳಿದರೆ ಸುಮಾರು 11 ಮಿಲಿಗ್ರಾಂ ಲೋಹ ಕಡಿಮೆಯಾಗುತ್ತದೆ. 12 ಗ್ರಾಂ ಗುಂಡಿನಲ್ಲಿ ಅದು ತೂಕದ ಸಾವಿರದಲ್ಲೊಂದು ಪಾಲೂ ಅಲ್ಲ, 3.5 ಗ್ರಾಂ ಗುಂಡಿನಲ್ಲಿ ಸಾವಿರದಲ್ಲಿ ಮೂರು ಪಾಲು.

ಅದರ ಮೇಲೆ ತಿರುಗುವ ವೇಗ. 1903ರ ಸ್ಪ್ರಿಂಗ್‌ಫೀಲ್ಡ್ ರೈಫಲಿನ ಗೀರು 254 ಮಿಲಿಮೀಟರಿಗೆ ಒಂದು ಸುತ್ತು. 610 ಮೀಟರ್ ವೇಗದಲ್ಲಿ ಗುಂಡು ನಿಮಿಷಕ್ಕೆ ಸುಮಾರು 1,44,000 ಸುತ್ತು ತಿರುಗುತ್ತದೆ. 1980ರ ದಶಕದ ಎಂ16ಎ2 ರೈಫಲಿನ ಗೀರು 178 ಮಿಲಿಮೀಟರಿಗೆ ಒಂದು ಸುತ್ತು. ಅದೇ ವೇಗಕ್ಕೆ ಇಲ್ಲಿ 2,05,000 ಸುತ್ತು ದಾಟುತ್ತದೆ. ಗುಂಡಿನ ತೂಕದ ಕೇಂದ್ರ ನಡುವಿನಿಂದ ಮಿಲಿಮೀಟರಿನ ನೂರನೇ ಒಂದು ಪಾಲು ಸರಿದಿದ್ದರೂ ಸಾಕು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ 100 ಮೀಟರ್ ದೂರದಲ್ಲಿ ಮೊದಲನೆಯದು ಸುಮಾರು 2.5 ಸೆಂಟಿಮೀಟರ್, ಎರಡನೆಯದು 3.5 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಸಣ್ಣ ನಳಿಗೆಯಲ್ಲಿ ಎರಕದ ಗುಂಡಿಗೆ ವೇಗದ ಮಿತಿ ಬೇಗ ಎದುರಾಗುವುದಕ್ಕೆ ಈ ಲೆಕ್ಕವೂ ಒಂದು ಕಾರಣ.

ಈ ಮಿತಿಯನ್ನು ಅಳೆದು ನೋಡುವ ಕೆಲಸ 20ನೇ ಶತಮಾನದ ಉತ್ತರಾರ್ಧದಲ್ಲಿ ಸಾಮೂಹಿಕವಾಯಿತು. 'ಅಮೆರಿಕನ್ ರೈಫಲ್‌ಮನ್' ಪತ್ರಿಕೆಯ ಕರ್ನಲ್ ಇ. ಎಚ್. ಹ್ಯಾರಿಸನ್ ಜಿಡ್ಡುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಆಲಾಕ್ಸ್ ಎಂಬ ಜಿಡ್ಡು ಮತ್ತು ಜೇನುಮೇಣದ ಸಮಪಾಲು ಮಿಶ್ರಣ ಅದರಿಂದ ರೂಢಿಗೆ ಬಂತು. 1976ರಲ್ಲಿ ಎರಕದ ಗುಂಡಿನ ಹವ್ಯಾಸಿಗಳ ಕಾಸ್ಟ್ ಬುಲೆಟ್ ಅಸೋಸಿಯೇಷನ್ ಹುಟ್ಟಿತು. 1979ರಲ್ಲಿ ಹ್ಯಾರಿಸನ್‌ರ ಬರಹಗಳು ಪುಸ್ತಕವಾದವು.

ಉಪಸಂಹಾರ

ಸೀಸದ ಈ ಜ್ಞಾನಕ್ಕೆ ಬೆಲೆಯೂ ಇದೆ. ಸೀಸದ ಕೆಲಸಗಾರರ ಬಿಳಿಚಿದ ಮೈಬಣ್ಣವನ್ನು ರೋಮಿನ ವಿಟ್ರುವಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಗುರುತಿಸಿದ್ದ. ಗುಂಡಿನ ಚೂರು ತಿಂದು ವಿಷವೇರಿ ಸಾಯುತ್ತಿದ್ದ ಕಾಂಡೋರ್ ರಣಹದ್ದುಗಳ ನಾಡಾದ ಕ್ಯಾಲಿಫೋರ್ನಿಯಾ 2019ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿದೆ. ಇದು ಆಗಲೇಬೇಕಾಗಿದ್ದ ಕ್ರಮ. ಲೈನೋಟೈಪ್ ಯಂತ್ರಗಳು ಮೂಲೆ ಸೇರಿದ ಮೇಲೆ ಆ ಲೋಹವೂ ಅಪರೂಪವಾಗಿದೆ.

ಆದರೂ ಈ ಚರಿತ್ರೆಯನ್ನು ಬರೆದಿಡಬೇಕು. ಸೇನೆಗಳಿಗೆ ಹೊದಿಕೆ ಗುಂಡು ಸಿಕ್ಕಿತು; ಸೀಸ ಯಾಕೆ ಸೋತಿತು ಎಂದು ಕೇಳುವ ತುರ್ತು ಅವರಿಗಿರಲಿಲ್ಲ. ಆ ಪ್ರಶ್ನೆಯನ್ನು ಬಿಡದೆ ಕೇಳಿದವರು ಮಾನ್, ಪೋಪ್, ಬಾರ್ಲೋ, ಹ್ಯಾರಿಸನ್. ಬುಡವನ್ನು ಕಾಪಾಡು, ಲೋಹವನ್ನು ಒತ್ತಡಕ್ಕೆ ತಕ್ಕಂತೆ ಗಡುಸಾಗಿಸು, ನಳಿಗೆಗೆ ಹೊಂದಿಸು, ತಿರುಗುವ ವೇಗಕ್ಕೆ ಮಿತಿಯಿಡು ಎಂಬ ನಾಲ್ಕು ಉತ್ತರಗಳನ್ನು ಅವರು ಮತ್ತು ಅವರ ಹಾದಿಯಲ್ಲಿ ನಡೆದವರು ಒಂದೊಂದಾಗಿ ದುಡಿದು ಗಳಿಸಿದರು. 'ಸೀಸ ಕರಗುತ್ತದೆ' ಎಂಬ ಒಂದೇ ಮಾತಿನ ವಿವರಣೆ ಆ ದುಡಿಮೆಯನ್ನೆಲ್ಲ ಮರೆಮಾಡುತ್ತದೆ. ತಂತ್ರಜ್ಞಾನದ ಚರಿತ್ರೆ ಅದನ್ನು ಇನ್ನಾದರೂ ಕೈಬಿಡಬೇಕು.