ಎಡೆದೊರೆನಾಡಿನ ಒಂಟಿ ಮಾರ್ಗ ಮತ್ತು ಇಂಟರ್‌ಲಾಕಿಂಗ್

ಮುಂಬಯಿಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸ್ ರೈಲ್ವೆಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ತುಂಗಭದ್ರೆಯ ಕಡೆಯಿಂದ ಗದಗ–ಕೊಪ್ಪಳ–ಹೊಸಪೇಟೆಯ ಮೀಟರ್‌ಗೇಜ್ ಮಾರ್ಗವನ್ನು ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಹಾಕಿತು. ಹೀಗೆ ಕೃಷ್ಣಾ–ತುಂಗಭದ್ರೆಗಳ ನಡುವಿನ ಎಡೆದೊರೆನಾಡಿನ ಅಂಚುಗಳಿಗೆ ರೈಲು ಬಂದರೂ ಒಳನಾಡು ಹಳಿಯಿಲ್ಲದೆಯೇ ಉಳಿಯಿತು. ಗಿಣಿಗೇರಾ ಕಡೆಯಿಂದ ಸಿಂಧನೂರಿಗೆ ಪ್ರಯಾಣಿಕರ ರೈಲು ಬಂದದ್ದು 2024ರ ಮಾರ್ಚ್‌ನಲ್ಲಿ. ಲಿಂಗಸುಗೂರಿನ ಮೂಲಕ ಸಾಗಬೇಕಾದ ಗದಗ–ವಾಡಿ ಮಾರ್ಗ 2025ರ ಮೇ ತಿಂಗಳಲ್ಲಿ ಕುಷ್ಟಗಿಯವರೆಗೆ ತೆರೆಯಿತು. ಈ ಎರಡು ಮಾರ್ಗಗಳ ನಡುವಿನ ಮಸ್ಕಿ ಊರು ಹೆದ್ದಾರಿಯನ್ನೇ ನಂಬಿಕೊಂಡಿದೆ. ಒಂಟಿ ಹಳಿಯಲ್ಲಿ ಗಾಡಿಗಳನ್ನು ಸುರಕ್ಷಿತವಾಗಿ ದಾಟಿಸುವ ಬಗ್ಗೆ ಅಂಚಿನ ನಿಲ್ದಾಣಗಳು ಒಂದೂವರೆ ಶತಮಾನ ಪಾಡುಪಟ್ಟು ಕಲಿತ ಪಾಠ, ಹೊಸದಾಗಿ ರೈಲು ಕಂಡ ಊರುಗಳಿಗೆ ಸಿದ್ಧರೂಪದಲ್ಲಿ ದೊರೆಯಿತೆನ್ನಬೇಕು.

ಒಂಟಿ ಮಾರ್ಗದಲ್ಲಿ ಎದುರುಬದುರಾಗಿ ಬರುವ ಗಾಡಿಗಳು ನಿಲ್ದಾಣದಲ್ಲಷ್ಟೇ ಪರಸ್ಪರ ದಾಟಬಲ್ಲವು. ಇದನ್ನೇ ಕ್ರಾಸಿಂಗ್ ಎನ್ನುತ್ತಾರೆ. ಮುಖ್ಯ ಹಳಿಯಿಂದ ಕವಲೊಡೆದು ಮುಂದೆ ಮತ್ತೆ ಅದನ್ನೇ ಸೇರುವ ಪಕ್ಕದ ಹಳಿ ಲೂಪ್ ಲೈನ್. ಕವಲಿನಲ್ಲಿ ಅತ್ತಿತ್ತ ಸರಿದು ಚಕ್ರಕ್ಕೆ ದಾರಿ ತೋರುವ ಚೂಪಾದ ಹಳಿತುಂಡುಗಳು ಪಾಯಿಂಟ್ಸ್. ಈ ತುಂಡು ಪೂರ್ತಿ ಕೂಡಿಕೊಳ್ಳದೆ ಬೆರಳಗಲ ಬಿಟ್ಟಿದ್ದರೂ ಗಾಡಿ ಹಳಿ ತಪ್ಪಬಹುದು. ಸರಿಯಾಗಿ ಕೂಡಿದ್ದರೂ ನಿಂತ ಗಾಡಿಯ ಲೂಪಿನತ್ತ ತಿರುಗಿದ್ದರೆ ಡಿಕ್ಕಿಯಾಗಬಹುದು. ಆದ್ದರಿಂದ ಪಾಯಿಂಟ್ಸ್ ತಕ್ಕ ದಿಕ್ಕಿಗೆ ಕೂಡಿ ಬೀಗಬಿದ್ದ ಹೊರತು ಸಿಗ್ನಲ್ ಇಳಿಯಬಾರದು (ಅಂದರೆ ಗಾಡಿಗೆ ಹೋಗಲು ಅನುಮತಿ ಸಿಗಬಾರದು), ಸಿಗ್ನಲ್ ಇಳಿದಮೇಲೆ ಪಾಯಿಂಟ್ಸ್ ಅಲುಗಬಾರದು ಎಂಬ ಪರಸ್ಪರ ಕಟ್ಟುಪಾಡೇ ಇಂಟರ್‌ಲಾಕಿಂಗ್.

ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಈ ತತ್ತ್ವಕ್ಕೆ 1856ರಲ್ಲಿ ಪೇಟೆಂಟ್ ಪಡೆದನು. ಐರ್ಲೆಂಡಿನ ಆರ್ಮಾ ರೈಲು ದುರಂತದ ಬಳಿಕ ಬ್ರಿಟನ್ನಿನ 1889ರ ಕಾನೂನು ಪ್ರಯಾಣಿಕ ಮಾರ್ಗಗಳಲ್ಲಿ ಅದನ್ನು ಕಡ್ಡಾಯಗೊಳಿಸಿತು. ಲಿವರ್‌ಗಳು ಸಾಲಾಗಿ ನಿಂತ ಕ್ಯಾಬಿನ್‌ನಲ್ಲಿ ಒಂದನ್ನು ಎಳೆದರೆ ಅದರ ಕಚ್ಚುಳ್ಳ ಪಟ್ಟಿ ಸರಿದು ವಿರುದ್ಧವಾದ ಲಿವರನ್ನು ಹಿಡಿದುಬಿಡುತ್ತಿತ್ತು. ಹಳಿಗೆ ಅಂಟಿದ ಉದ್ದನೆಯ ಲಾಕ್ ಬಾರ್, ಚಕ್ರಗಳು ಮೇಲಿರುವ ತನಕ ಪಾಯಿಂಟ್ಸಿನ ಬೀಗ ತೆರೆಯದಂತೆ ನೋಡಿಕೊಳ್ಳುತ್ತಿತ್ತು. ಭಾರತದ ಚಿಕ್ಕ ನಿಲ್ದಾಣಗಳಿಗೆ ಇಷ್ಟು ದುಬಾರಿ ಯಂತ್ರ ಹೊರೆಯಾದ್ದರಿಂದ ಕೀಲಿಯ ಉಪಾಯ ಬಳಕೆಗೆ ಬಂತು: ಪಾಯಿಂಟ್ಸ್‌ಮನ್ ಕೈಯಿಂದ ಪಾಯಿಂಟ್ಸ್ ತಿರುಗಿಸಿ ಬೀಗ ಹಾಕಿದರಷ್ಟೇ ಕೀಲಿ ಹೊರಬರುತ್ತಿತ್ತು, ಆ ಕೀಲಿ ಸಿಗ್ನಲ್ಲಿನ ಬೀಗಕ್ಕೆ ಬಿದ್ದರಷ್ಟೇ ಕೈಮರ ಇಳಿಯುತ್ತಿತ್ತು. ನಿಧಾನವಾದರೂ ಜಾಣತನದ ಏರ್ಪಾಡು ಇದು. ನಿಲ್ದಾಣಗಳ ನಡುವಿನ ಒಂಟಿ ಹಳಿಗೆ ಚಾಲಕನಿಗೆ ಅನುಮತಿಯಾಗಿ ಕೊಡುವ, ನೀಲ್ಸ್ ಟೋಕನ್ ಯಂತ್ರದ ಉಕ್ಕಿನ ಗುಂಡು ಕಾವಲಿತ್ತು. ಒಂದು ಗುಂಡು ಹೊರಗಿದ್ದಾಗ ಎರಡೂ ತುದಿಯ ಯಂತ್ರಗಳು ಮತ್ತೊಂದನ್ನು ಕೊಡುತ್ತಿರಲಿಲ್ಲ.

ಈಗಿನ ನಿಲ್ದಾಣಗಳಲ್ಲಿ ಸ್ಟೇಷನ್ ಮಾಸ್ಟರ್ ಪರದೆಯ ಮೇಲೆ ಮಾರ್ಗ ಆರಿಸುತ್ತಾರೆ; ವಿದ್ಯುತ್ ಮೋಟರು ಪಾಯಿಂಟ್ಸ್ ಸರಿಸುತ್ತದೆ; ಆಕ್ಸಲ್ ಕೌಂಟರ್ ಎಂಬ ಉಪಕರಣ ಒಳಬಂದ ಚಕ್ರದ ಜೋಡಿಗಳನ್ನೂ ಹೊರಹೋದವನ್ನೂ ಎಣಿಸಿ ಹಳಿ ಖಾಲಿಯೇ ಎಂದು ತಿಳಿಸುತ್ತದೆ; ಸಿಗ್ನಲ್ಲಿನ ಆಚೆ 120 ಮೀಟರ್ ಹಳಿಯೂ ತೆರವಾಗಿರಬೇಕು, ಏಕೆಂದರೆ ಬ್ರೇಕ್ ಸ್ವಲ್ಪ ತಡವಾದರೂ ಅನಾಹುತವಾಗಬಾರದು.

ಆದರೆ ಕಟ್ಟುಪಾಡು ತಂತಿಯೊಳಗೆ ಅಡಗಿದಮೇಲೆ ಅದನ್ನು ಮೀರುವ ದಾರಿಯೂ ಕಣ್ಣಿಗೆ ಕಾಣದಾಯಿತು. 2023ರ ಫೆಬ್ರವರಿ 8ರಂದು ನೈರುತ್ಯ ರೈಲ್ವೆಯ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಪಾಯಿಂಟ್ಸ್ ಬೇರೆ ಹಳಿಯತ್ತ ತಿರುಗಿರುವುದನ್ನು ಲೋಕೋ ಪೈಲಟ್ ಗಮನಿಸಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ಸನ್ನು ನಿಲ್ಲಿಸಿದರು. ಹಳಿಬದಿಯ ಲೊಕೇಶನ್ ಬಾಕ್ಸ್ ಎಂಬ ತಂತಿಪೆಟ್ಟಿಗೆಯಲ್ಲಿ ಕೈಯಾಡಿಸಿ ಇಂಟರ್‌ಲಾಕಿಂಗನ್ನೇ ದಾಟಿಹೋಗಲು ಸಾಧ್ಯವಿರುವುದು ಗಂಭೀರ ದೋಷವೆಂದು ವಲಯದ ಹಿರಿಯ ಅಧಿಕಾರಿ ಮರುದಿನವೇ ಎಚ್ಚರಿಸಿದ್ದರು. ನಾಲ್ಕು ತಿಂಗಳೊಳಗೆ, ಜೂನ್ 2ರಂದು, ಒಡಿಶಾದ ಬಹನಗಾ ಬಜಾರಿನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಹಸಿರು ಸಿಗ್ನಲ್ ಪಡೆದೂ ಸರಕುಗಾಡಿ ನಿಂತ ಲೂಪಿಗೆ ನುಗ್ಗಿ 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ ಕೆಲಸದ ವೇಳೆ ಸರ್ಕ್ಯೂಟಿನಲ್ಲಿ ಆದ ತಪ್ಪು ಬದಲಾವಣೆಯೇ ಕಾರಣವೆಂದು ತನಿಖೆ ಕಂಡುಕೊಂಡಿತು. ಆ ಬಳಿಕ ರೈಲ್ವೆ ಮಂಡಳಿ ಇಂಟರ್‌ಲಾಕಿಂಗ್ ಉಪಕರಣಗಳಿರುವ ರಿಲೇ ಕೊಠಡಿಗಳಿಗೆ ಜೋಡಿ ಬೀಗ ಹಾಕಿಸಿ, ಒಂದು ಕೀಲಿ ಸ್ಟೇಷನ್ ಮಾಸ್ಟರರ ಬಳಿ, ಇನ್ನೊಂದು ಸಿಗ್ನಲ್ ವಿಭಾಗದವರ ಬಳಿ ಇರುವ ನಿಯಮವನ್ನು ಬಿಗಿಗೊಳಿಸಿತು.