ಮೂಲವಸ್ತುಗಳ ವರ್ಣಮಾಲೆ

ಕವರ್ಗದಿಂದ ಪವರ್ಗದವರೆಗಿನ 25 ಅಕ್ಷರಗಳನ್ನು ಒಂದರ ಕೆಳಗೊಂದು ವರ್ಗವಾಗಿ ಬರೆದು ನೋಡಿರಿ. ಅಡ್ಡಸಾಲಿನಲ್ಲಿ ಉಚ್ಚಾರಣಸ್ಥಾನ ಒಂದೇ. ಕೊನೆಯ ಕಂಬಸಾಲಿನಲ್ಲಿ ಙ, ಞ, ಣ, ನ, ಮ, ಎಲ್ಲವೂ ಅನುನಾಸಿಕ. ರಸಾಯನಶಾಸ್ತ್ರದ ಆವರ್ತ ಕೋಷ್ಟಕದ ಕಟ್ಟೂ ಇಂತಹುದೇ.

1869ರಲ್ಲಿ ರಷ್ಯದ ಮೆಂಡಲೀಫನು ಆಗ ಗೊತ್ತಿದ್ದ 63 ಮೂಲವಸ್ತುಗಳನ್ನು ಪರಮಾಣುಭಾರದ ಏರಿಕೆಯಂತೆ ಜೋಡಿಸಿದಾಗ, ಗುಣಗಳು ಮರಳಿ ಮರಳಿ ಬರುವುದನ್ನು ಕಂಡನು. ಸಮಾನಗುಣದವನ್ನು ಒಂದು ಕುಲವಾಗಿಸಿದನು. ತಕ್ಕ ವಸ್ತು ಸಿಕ್ಕದೆಡೆ ಮನೆಯನ್ನು ಬರಿದೇ ಬಿಟ್ಟನು. ಅಲ್ಯುಮಿನಿಯಮ್ಮಿನ ಮುಂದಿನ ಬರಿಮನೆಗೆ ಸಂಸ್ಕೃತದ ‘ಏಕ’ ಶಬ್ದವನ್ನು ಕೂಡಿಸಿ ‘ಏಕ-ಅಲ್ಯುಮಿನಿಯಂ’ ಎಂದು ಹೆಸರಿಟ್ಟನು. 1875ರಲ್ಲಿ ಫ್ರಾನ್ಸಿನಲ್ಲಿ ಗ್ಯಾಲಿಯಂ ದೊರೆತು ಆ ಮನೆ ತುಂಬಿತು. ಅದರ ಸಾಂದ್ರತೆ ಮೊದಲು 4.7 ಎಂದು ಬಂದಿತ್ತು. ಮೆಂಡಲೀಫನ ಮಾತಿನಂತೆ ಮತ್ತೆ ಅಳೆದಾಗ, ಅವನು ಎಣಿಸಿದ್ದ 5.9 ಬಂದಿತು!

ಕ್ರಮಕ್ಕೆ ನಿಜವಾದ ಆಧಾರ ಭಾರವಲ್ಲ, ಪರಮಾಣು ಸಂಖ್ಯೆ ಎಂದು 1913ರಲ್ಲಿ ಮೋಸ್ಲೆ ತೋರಿಸಿದನು. ಇಂದು ಕೋಷ್ಟಕದಲ್ಲಿ 118 ಮನೆಗಳು ತುಂಬಿವೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದರೂ ಅಲ್ಲಿಯ ಚಿನ್ನದ ಮನೆ ಇಲ್ಲಿ ಸ್ಥಿರ: 79. ಅದೇ ಕಂಬಸಾಲಿನಲ್ಲಿ ಮೇಲೆ ಬೆಳ್ಳಿ, ಅದರ ಮೇಲೆ ತಾಮ್ರ; ಅಕ್ಕಸಾಲಿಗನು ಚಿನ್ನಕ್ಕೆ ಬೆರೆಸುವುದೂ ಈ ನೆಂಟರನ್ನೇ.

ಮಕ್ಕಳಿಂದ ಹೆಸರುಗಳನ್ನು ಉರುಹೊಡೆಸುವ ಮುನ್ನ ಈ ನಂಟನ್ನು ತೋರಿಸೋಣ. ವರ್ಣಮಾಲೆ ಕಲಿತ ಮಗುವಿಗೆ ಇದು ಹೊಸದಲ್ಲ.