ಮೊದಲ ದಿನದ ದಮ್ಮು: ಸೊಲ್ಲಾಪುರದ ಗಿರಣಿ ಮತ್ತು ಮಾಸ್ಟ್ ಕೋಶ

ಕನ್ನಡ ವಿಭಾಗದ ಸೆಮಿನಾರಿನಲ್ಲಿ ಜೀವಕೋಶದ ಮಾತು ಯಾಕೆ ಅಂತ ಕೇಳಬಹುದು. ನನ್ನ ಆಸಕ್ತಿ ಹೆಸರುಗಳಲ್ಲಿದೆ. ಒಂದು ಕಾಯಿಲೆಯ ಹೆಸರು, ಒಂದು ಕೋಶದ ಹೆಸರು, ಎರಡೂ ಹುಟ್ಟಿದ್ದು ಸೊಲ್ಲಾಪುರದ ಮೊದಲ ನೂಲಿನ ಗಿರಣಿ ಎದ್ದ 1870ರ ದಶಕದಲ್ಲೇ. ಆ ಗಿರಣಿಯನ್ನು ಊರವರು ಇವತ್ತಿಗೂ 'ಜುನಿ ಮಿಲ್' ಅಂತಾರೆ.

1877ರಲ್ಲಿ ಪ್ಯಾರಿಸಿನ ವೈದ್ಯ ಆಡ್ರಿಯೆನ್ ಪ್ರೂಸ್ತ್ ಹತ್ತಿಧೂಳಿನಿಂದ ಬರುವ ಎದೆರೋಗಕ್ಕೆ 'ಬಿಸ್ಸಿನೋಸಿಸ್' ಎಂದು ಹೆಸರಿಟ್ಟ. ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತನ ತಂದೆ ಈತ. ನವಿರಾದ ನಾರುಬಟ್ಟೆಗಿದ್ದ ಗ್ರೀಕ್ ಪದ ರೋಗದ ಹೆಸರಾಯಿತು. ಮರುವರ್ಷ ಜರ್ಮನಿಯ ವಿದ್ಯಾರ್ಥಿ ಪಾಲ್ ಎರ್ಲಿಖ್, ಬಟ್ಟೆಗೆ ಹಾಕುವ ಅನಿಲೀನ್ ಬಣ್ಣಗಳನ್ನು ಅಂಗಾಂಶಕ್ಕೆ ಹಾಕಿ ನೋಡಿದಾಗ ಕಾಳು ತುಂಬಿದ ಚೀಲದಂಥ ಕೋಶಗಳು ಕಂಡವು. ಚೆನ್ನಾಗಿ ಮೇದು ಕೊಬ್ಬಿದವು ಅಂದುಕೊಂಡು 'ಮಾಸ್ಟ್' ಅಂದ. ಜರ್ಮನ್ನಿನಲ್ಲಿ ಆ ಮಾತು ದನ, ಹಂದಿ ಕೊಬ್ಬಿಸುವುದಕ್ಕೆ ಸಂಬಂಧಿಸಿದ್ದು. ಹೆಸರು ತಪ್ಪಿತು, ಆದರೂ ಉಳಿಯಿತು. ಆ ಕಾಳುಗಳಲ್ಲಿ ಹಿಸ್ಟಮಿನ್ ಇದೆಯೆಂದು ರೈಲಿ ಮತ್ತು ವೆಸ್ಟ್ ತೋರಿಸಿದ್ದು 1953ರಲ್ಲಿ.

ಈಗ ಗಿರಣಿಯೊಳಗೆ ಬರೋಣ. ಬ್ಲೋ ರೂಮ್, ಕಾರ್ಡಿಂಗ್ ಖಾತೆಗಳಲ್ಲೇ ಧೂಳು ಹೆಚ್ಚು. ಅದರಲ್ಲಿ ಹತ್ತಿಗಿಡದ ಎಲೆಚೂರು, ಬ್ಯಾಕ್ಟೀರಿಯಾದ ಹೊರಪದರದ ವಿಷ ಎರಡೂ ಇರುತ್ತವೆ. ಅದು ಶ್ವಾಸಕೋಶಕ್ಕೆ ಇಳಿದಾಗ ಮ್ಯಾಕ್ರೋಫೇಜ್ ಕೋಶಗಳು ಅದನ್ನು ನುಂಗಿ, ರಾಸಾಯನಿಕ ಸಂಕೇತ ಬಿಟ್ಟು, ರಕ್ತದಿಂದ ನ್ಯೂಟ್ರೋಫಿಲ್‌ಗಳನ್ನು ಕರೆಸುತ್ತವೆ. ಮಾಸ್ಟ್ ಕೋಶದಿಂದ ಹೊರಬಿದ್ದ ಹಿಸ್ಟಮಿನ್ ಗಾಳಿಕೊಳವೆಯನ್ನು ಬಿಗಿಯುತ್ತದೆ. ರಜೆ ಮುಗಿಸಿ ಬಂದ ಮೊದಲ ದಿನ ಎದೆ ಹೆಚ್ಚು ಬಿಗಿಯುವುದು ಈ ರೋಗದ ಗುರುತು. ರಜೆಯಲ್ಲಿ ಹಿಸ್ಟಮಿನ್ ಮತ್ತೆ ತುಂಬಿಕೊಂಡು, ಮೊದಲ ದಿನವೇ ಖರ್ಚಾಗುತ್ತದೆ ಎಂಬ ವಿವರಣೆ ಬಹಳ ಕಾಲ ನಡೆಯಿತು. ಆಮೇಲೆ ಬ್ಯಾಕ್ಟೀರಿಯಾದ ವಿಷಕ್ಕೆ ಹೆಚ್ಚು ತೂಕ ಸಿಕ್ಕಿತು.

1996ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ಇನ್ನೊಂದು ಸಂಗತಿ ತೋರಿಸಿದವು: ಸೋಂಕು ತಗಲಿದಾಗ ನ್ಯೂಟ್ರೋಫಿಲ್‌ಗಳನ್ನು ಕರೆಯುವ ಟಿಎನ್ಎಫ್ ಎಂಬ ವಸ್ತು ಮಾಸ್ಟ್ ಕೋಶದಿಂದಲೂ ಬರುತ್ತದೆ. ಕೊಬ್ಬಿದ್ದು ಅಂದುಕೊಂಡದ್ದು ಡಂಗುರ ಸಾರುವವನಾಗಿತ್ತು! ನಮ್ಮ ಆರೋಗ್ಯ ಅಂಕಣಗಳು ಈ ಕೋಶಗಳನ್ನು 'ಸೈನಿಕರು' ಅಂತ ಬರೆಯುತ್ತವೆ. ನನಗೆ ಅದು ಒಪ್ಪಿಗೆಯಿಲ್ಲ. ಗಿರಣಿಯ ಧೂಳಿನಲ್ಲಿ ಗೆಲ್ಲಬೇಕಾದ ವೈರಿಯೇ ಇಲ್ಲ. ಡಂಗುರ ನಿಲ್ಲದೆ, ಬಂದವರು ಹೋಗದೆ, ಊರೇ ಕೆಡುತ್ತದೆ.

ಬಿಸ್ಸಿನೋಸಿಸ್ಸಿಗೆ ಎಕ್ಸ್‌ರೇಯಲ್ಲಿ ತನ್ನದೇ ಗುರುತಿಲ್ಲ. ವರ್ಷಗಳು ಕಳೆದ ಮೇಲೆ ಅದು ಬೀಡಿ ಸೇದುವವನ ಕೆಮ್ಮಿನ ಹಾಗೇ ಕಾಣುತ್ತದೆ. ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಈ ರೋಗದ ಹೆಸರಿತ್ತು, ಪರಿಹಾರದ ಕಾನೂನಿನಲ್ಲೂ ಇದೆ. ಆದರೆ ರೋಗ ಆ ಹೆಸರಿಗೆ ತಲುಪಬೇಕಾದರೆ ಕೆಲಸಗಾರ ಬಾಯಿಬಿಟ್ಟು ಹೇಳಬೇಕು. ಸೊಲ್ಲಾಪುರದ ಗಿರಣಿಗಳಲ್ಲಿ ಮರಾಠಿ, ತೆಲುಗು, ಕನ್ನಡ ಮೂರೂ ಇದ್ದವು. ಅಕ್ಕಲಕೋಟೆ ಕಡೆಯ ಹಳ್ಳಿಯವನು 'ದಮ್ಮು' ಅಂದರೆ ದಾಖಲೆಗೆ ಬರುವುದು ಅಸ್ತಮಾ. 'ಸೂಟಿ ಮುಗಿಸಿ ಬಂದ ದಿನಾ ಎದಿ ಹೆಚ್ಚಿಗಿ ಬಿಗೀತದೇನು?' ಎಂದು ಅವನ ಮಾತಿನಲ್ಲೇ ಕೇಳಿದರೆ ಮಾತ್ರ ಬೇರೆ ಉತ್ತರ ಬಂದೀತು.